ಕಡಲ ತೇವಕ್ಕೆ ತಕ್ಕಂತೆ ಕ್ರಿಸ್‌ಮಸ್ ತಯಾರಿ: ನಕ್ಷತ್ರ, ಕೇಕ್, ಗೋದಲಿ ಮತ್ತು ಕುಸ್ವಾರ್

ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯ ಅನೇಕ ಮನೆಗಳಲ್ಲಿ ಕ್ರಿಸ್‌ಮಸ್ ತಯಾರಿ ಎಂದರೆ ಕೊನೆಯ ವಾರದ ಗಡಿಬಿಡಿ ಎಂದಾಗಿಬಿಟ್ಟಿದೆ. ಡಿಸೆಂಬರ್ 20 ದಾಟಿದ ಮೇಲೆ ಕೇಕ್, ಕಿಡಿಯೊ (ಸುರುಳಿ ಸುತ್ತಿ ಕರಿದ ಸಣ್ಣ ತಿಂಡಿ), ನೆವ್ರಿ (ಕರ್ಜಿಕಾಯಿ), ನಕ್ಷತ್ರ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಎಲ್ಲವನ್ನೂ ಒಟ್ಟಿಗೇ ಹಚ್ಚಿಕೊಂಡು, ಕೊನೆಗೆ ಅರ್ಧದಷ್ಟನ್ನು ಅಂಗಡಿಯಿಂದ ತಂದು ಮುಗಿಸಬೇಕಾಗುತ್ತದೆ. ಮನೆಯಲ್ಲಿಯೇ ಮಾಡಬೇಕೆನ್ನುವವರಿಗೆ ಬೇಕಾಗುವುದು ಹೆಚ್ಚಿನ ಸಮಯವಲ್ಲ, ಕೆಲಸಗಳ ಸರಿಯಾದ ಕ್ರಮ. ಯಾವುದನ್ನು ಮೂರು ವಾರ ಇಟ್ಟರೆ ರುಚಿ ಏರುತ್ತದೆ, ಯಾವುದು ಕಡಲ ತೇವಕ್ಕೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ, ಯಾವುದು ಇಬ್ಬನಿಯಲ್ಲಿ ನೆಂದರೆ ಹರಿದುಹೋಗುತ್ತದೆ ಎಂಬುದನ್ನು ತಿಳಿದುಕೊಂಡು ಕೆಲಸ ಹಂಚಿಕೊಂಡರೆ, ಹಬ್ಬದ ಹಿಂದಿನ ರಾತ್ರಿ ಪೂಜೆಗೆ ಹೋಗುವವರು ದಣಿಯದೆ ಹೋಗಬಹುದು.

ಆಗಮನ ಕಾಲದ (ಅಡ್ವೆಂಟ್, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ಕಾಲ) ಮೊದಲ ಭಾನುವಾರ ಯಾವ ವರ್ಷವಾದರೂ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. ಅಲ್ಲಿಂದ ಹಬ್ಬದವರೆಗೆ ನಾಲ್ಕು ಭಾನುವಾರಗಳಿರುತ್ತವೆ. ಕೆಲಸಗಳನ್ನು ಈ ನಾಲ್ಕು ಭಾನುವಾರಗಳಿಗೆ ಹೊಂದಿಸಿಕೊಳ್ಳುವುದು ಅನುಕೂಲ. ಕಾರವಾರದಲ್ಲಿ ಸಂತೆಯೂ ಭಾನುವಾರವೇ ಸೇರುವುದರಿಂದ, ಆ ವಾರಕ್ಕೆ ಬೇಕಾದ ಕಾಯಿ, ಬೆಲ್ಲ, ಮಸಾಲೆ ಸಾಮಾನುಗಳನ್ನು ಅಂದೇ ತಂದಿಟ್ಟುಕೊಳ್ಳಬಹುದು.

ಮೊದಲ ವಾರ: ಹಣ್ಣು ನೆನೆಹಾಕುವುದು

ಎಲ್ಲಕ್ಕಿಂತ ಮೊದಲು ಆಗಬೇಕಾದುದು ಇದೇ, ಏಕೆಂದರೆ ಇದರ ಕೆಲಸವನ್ನು ಕಾಲವೇ ಮಾಡುತ್ತದೆ. ಒಂದು ಕೇಕ್‌ಗೆ 500 ಗ್ರಾಂ ಒಣಹಣ್ಣು ಬೇಕು. ಇದರಲ್ಲಿ ಕಪ್ಪು ಒಣದ್ರಾಕ್ಷಿ ಮತ್ತು ಕಂದು ಒಣದ್ರಾಕ್ಷಿ ಸೇರಿ 300 ಗ್ರಾಂ, ಬೀಜ ತೆಗೆದು ಸಣ್ಣಗೆ ಹೆಚ್ಚಿದ ಖರ್ಜೂರ 100 ಗ್ರಾಂ, ಸಕ್ಕರೆ ಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ ಮತ್ತು ಟೂಟಿ ಫ್ರೂಟಿ ಸೇರಿ 100 ಗ್ರಾಂ ಇದ್ದರೆ ಸಾಕು. ದ್ರಾಕ್ಷಿಯನ್ನು ತೊಳೆದು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿದ ಬಳಿಕವೇ ಜಾಡಿಗೆ ಹಾಕಬೇಕು. ನೀರಿನ ಪಸೆ ಉಳಿದರೆ ಬೂಷ್ಟು ಹಿಡಿಯುವ ಭಯವಿದೆ. ಗೋಡಂಬಿಯನ್ನು ಮಾತ್ರ ಇದರ ಜೊತೆ ನೆನೆಹಾಕಬಾರದು. ಅದು ಮೆತ್ತಗಾಗಿ ತನ್ನ ಗರಿಗರಿ ಕಳೆದುಕೊಳ್ಳುತ್ತದೆ. ಕೇಕ್ ಮಾಡುವ ದಿನ ಹುರಿದು, ಮುರಿದು ಹಾಕುವುದೇ ಸರಿ.

ರಮ್ ಬಳಸುವವರು ಹಣ್ಣು ಮುಳುಗುವಷ್ಟು ಸುರಿದು, ಮುಚ್ಚಳ ಬಿಗಿಯಾಗಿರುವ ಗಾಜಿನ ಜಾಡಿಯಲ್ಲಿಟ್ಟು, ಎರಡು ದಿನಕ್ಕೊಮ್ಮೆ ಜಾಡಿಯನ್ನು ತಲೆಕೆಳಗು ಮಾಡಿದರೆ ಸಾಕು, ತಿಂಗಳಾದರೂ ಕೆಡುವುದಿಲ್ಲ. ಇದಕ್ಕಾಗಿ ಗೋವಾದಿಂದ ಬಾಟಲಿ ತರಿಸುವ ರೂಢಿ ಕಾರವಾರದಲ್ಲಿದೆ. ಆದರೆ ಪರವಾನಗಿಯಿಲ್ಲದೆ ಗಡಿ ದಾಟಿಸಿದ ಮದ್ಯವನ್ನು ಮಾಜಾಳಿಯ ತಪಾಸಣಾ ಠಾಣೆಯಲ್ಲಿ ಹಿಡಿಯುತ್ತಾರೆ, ಅದು ಅಪರಾಧವೂ ಹೌದು. ಒಂದು ಕೇಕ್‌ಗೆ ಬೇಕಾಗುವ ಅಲ್ಪ ಪ್ರಮಾಣವನ್ನು ಊರಿನಲ್ಲಿಯೇ ಕೊಳ್ಳುವುದು ಲೇಸು. ಮದ್ಯ ಬೇಡವೆನ್ನುವವರು ಕಿತ್ತಳೆ ಅಥವಾ ಕಪ್ಪು ದ್ರಾಕ್ಷಿಯ ರಸವನ್ನು ಕುದಿಸಿ, ಬಿಸಿಯಿರುವಾಗಲೇ ಹಣ್ಣಿನ ಮೇಲೆ ಸುರಿದು, ತಣಿದ ಮೇಲೆ ಫ್ರಿಜ್‌ನಲ್ಲಿಡಬೇಕು. ರಸದಲ್ಲಿ ನೆನೆದ ಹಣ್ಣು ಮೂರು ನಾಲ್ಕು ದಿನ ಮಾತ್ರ ತಾಳುತ್ತದೆ. ಆದ್ದರಿಂದ ಅಂಥವರು ಈ ಕೆಲಸವನ್ನು ಮೊದಲ ವಾರದಲ್ಲಿ ಮಾಡದೆ, ಕೇಕ್ ಮಾಡುವ ದಿನಕ್ಕೆ ಎರಡು ದಿನ ಮೊದಲು ಮಾಡಿಕೊಳ್ಳಬೇಕು.

ಬಿದಿರಿನ ನಕ್ಷತ್ರ

ನಕ್ಷತ್ರವನ್ನು ಡಿಸೆಂಬರ್ ಮೊದಲ ವಾರದಲ್ಲಿಯೇ ಕಟ್ಟಬೇಕು. ದೀಪಾವಳಿಗೆ ಆಕಾಶಬುಟ್ಟಿ ಕಟ್ಟಿ ಕೈ ಪಳಗಿದವರಿಗೆ ಇದು ಕಷ್ಟವಲ್ಲ. ಬೇಕಾಗುವ ಬಿದಿರಿನ ಕಡ್ಡಿ, ದಾರ, ಬಣ್ಣದ ಕಾಗದ ಎರಡಕ್ಕೂ ಒಂದೇ. ಅಂಗಡಿಯಲ್ಲಿ ಸಿಗುವ ಮಡಚುವ ಕಾಗದದ ನಕ್ಷತ್ರಗಳಿಗೆ ಹೋಲಿಸಿದರೆ ಬಿದಿರಿನದು ಹಲವು ವರ್ಷ ಬಾಳುತ್ತದೆ. ಪ್ರತಿ ವರ್ಷ ಹಳೆಯ ಕಾಗದ ಕಿತ್ತು ಹೊಸದು ಅಂಟಿಸಿದರಾಯಿತು.

ಕಡ್ಡಿಗಳನ್ನು ಬುಟ್ಟಿ ಹೆಣೆಯುವ ಮೇದಾರರಿಂದ ಸೀಳಿಸಿಕೊಂಡು ತರುವುದು ಅತ್ಯುತ್ತಮ. ಒಂದೇ ದಪ್ಪಕ್ಕೆ ಸೀಳುವುದು ಅವರ ಕೈಗೆ ಬಂದಷ್ಟು ಚೆನ್ನಾಗಿ ನಮ್ಮ ಕತ್ತಿಗೆ ಬರುವುದಿಲ್ಲ. ಹಸಿ ಬಿದಿರು ಬೇಡ, ಏಕೆಂದರೆ ಅದು ಒಣಗುತ್ತ ಕುಗ್ಗಿ ಕಟ್ಟು ಸಡಿಲವಾಗುತ್ತದೆ. 75 ಸೆಂಟಿಮೀಟರ್ ಉದ್ದದ 10 ಕಡ್ಡಿಗಳು ಮತ್ತು 15 ಸೆಂಟಿಮೀಟರ್ ಉದ್ದದ 5 ತುಂಡುಗಳು ಬೇಕು. ಕಡ್ಡಿ ಸುಮಾರು ಒಂದು ಸೆಂಟಿಮೀಟರ್ ಅಗಲವಿದ್ದು, ಬಗ್ಗಿಸಿದರೆ ಮುರಿಯದಂತಿರಬೇಕು. ಅಂಚುಗಳನ್ನು ಉಜ್ಜುಕಾಗದದಿಂದ ಉಜ್ಜಿಡಿ, ಇಲ್ಲವಾದರೆ ಸಿಬಿರು ಬೆರಳಿಗೂ ಕಾಗದಕ್ಕೂ ಚುಚ್ಚುತ್ತದೆ.

ಅನೇಕರ ನಕ್ಷತ್ರ ಒಂದು ಕಡೆ ಸೊಟ್ಟಗಾಗುವುದು ಕಡ್ಡಿಗಳು ಒಂದನ್ನೊಂದು ಹಾಯುವ ಜಾಗವನ್ನು ಕಣ್ಣಳತೆಯಲ್ಲಿ ಹಿಡಿಯುವುದರಿಂದ. ಇದಕ್ಕೆ ನಿಶ್ಚಿತವಾದ ಲೆಕ್ಕವಿದೆ. ಐದು ಮೂಲೆಯ ಸಮ ನಕ್ಷತ್ರದಲ್ಲಿ ಪ್ರತಿ ಕಡ್ಡಿಯನ್ನು ಉಳಿದವು ಹಾಯುವುದು, ಅದರ ಎರಡೂ ತುದಿಗಳಿಂದ ಒಟ್ಟು ಉದ್ದದ 0.382ರಷ್ಟು ಒಳಗೆ. 75 ಸೆಂಟಿಮೀಟರ್ ಕಡ್ಡಿಗೆ ಇದು 28.6 ಸೆಂಟಿಮೀಟರ್. ಪ್ರತಿ ಕಡ್ಡಿಯ ಎರಡೂ ತುದಿಗಳಿಂದ ಅಳೆದು ಪೆನ್ಸಿಲಿನಿಂದ ಗುರುತು ಹಾಕಿದರೆ, ಎರಡು ಗುರುತುಗಳ ನಡುವೆ 17.8 ಸೆಂಟಿಮೀಟರ್ ಉಳಿಯುತ್ತದೆ. ಐದು ಕಡ್ಡಿಗಳನ್ನು ನೆಲದ ಮೇಲೆ ನಕ್ಷತ್ರದಂತೆ ಹರಡಿ, ಒಂದರ ಮೇಲೆ ಒಂದಾಗಿ ಹಾಯಿಸಿ, ಗುರುತಿಗೆ ಗುರುತು ಕೂಡಿಸಿ ಮೊದಲು ತುದಿಗಳನ್ನು, ಆಮೇಲೆ ಒಳಗಿನ ಐದು ಕೂಡುಗಳನ್ನು ದಾರದಿಂದ ಕಟ್ಟಿ. ಇನ್ನುಳಿದ ಐದು ಕಡ್ಡಿಗಳಿಂದ ಇಂಥದೇ ಎರಡನೆಯ ನಕ್ಷತ್ರ ಕಟ್ಟಬೇಕು.

ಎರಡನ್ನೂ ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ಬಿಗಿಯಾಗಿ ಜೋಡಿಸಿ ಕಟ್ಟಿ. ಬಳಿಕ ಒಳಗಿನ ಐದು ಕೂಡುಗಳಲ್ಲಿ ಮುಂದಿನ ಚೌಕಟ್ಟಿಗೂ ಹಿಂದಿನ ಚೌಕಟ್ಟಿಗೂ ನಡುವೆ 15 ಸೆಂಟಿಮೀಟರ್ ತುಂಡುಗಳನ್ನು ನಿಲ್ಲಿಸಿದಾಗ ಕಡ್ಡಿಗಳು ಬಿಲ್ಲಿನಂತೆ ಬಾಗಿ ನಕ್ಷತ್ರ ಉಬ್ಬುತ್ತದೆ. ಮೊದಲ ತುಂಡು ನಿಲ್ಲಿಸುವಾಗ ಇನ್ನೊಬ್ಬರು ಹಿಡಿದುಕೊಂಡರೆ ಒಳ್ಳೆಯದು. ತುಂಡುಗಳ ಎರಡೂ ತುದಿಗಳಲ್ಲಿ ಕಚ್ಚು ಮಾಡಿಕೊಂಡಿದ್ದರೆ ಜಾರುವುದಿಲ್ಲ.

ಇನ್ನು ಕಾಗದ. ಗಾಳಿಪಟದ ತೆಳು ಕಾಗದದಲ್ಲಿ ಬೆಳಕು ಚೆನ್ನಾಗಿ ಹಾಯುತ್ತದೆ. ಮುಂದೆ 5, ಹಿಂದೆ 5 ಮೂಲೆಗಳ ತ್ರಿಕೋನಗಳು, ಪಕ್ಕಗಳಿಗೆ 10 ಕಿರಿದಾದ ತ್ರಿಕೋನಗಳು, ಮುಂಭಾಗದ ನಡುವೆ ಒಂದು ಪಂಚಕೋನ, ಹೀಗೆ 21 ತುಂಡುಗಳಾಗುತ್ತವೆ. ಹಿಂಭಾಗದ ನಡುವಿನ ಪಂಚಕೋನವನ್ನು ತೆರೆದೇ ಬಿಡಬೇಕು, ಬಲ್ಬು ಇಳಿಬಿಡುವುದಕ್ಕೂ ಬಿಸಿ ಹೊರಹೋಗುವುದಕ್ಕೂ ಅದೇ ದಾರಿ. ತುಂಡುಗಳನ್ನು ಚೌಕಟ್ಟಿನ ಮೇಲಿಟ್ಟು ಗುರುತಿಸಿ, ಸುತ್ತಲೂ ಒಂದೂವರೆ ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ, ಆ ಅಂಚನ್ನು ಕಡ್ಡಿಯ ಮೇಲೆ ಮಡಚಿ ಅಂಟಿಸಿ. ಅಂಟಿಗೆ ಮೈದಾವನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಹೊಳಪು ಬರುವ ತನಕ ಕಾಯಿಸಿದರೆ ಸಾಕು. ಕೆಲವರು ಹುಳ ಬಾರದಿರಲೆಂದು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ; ಮಕ್ಕಳು ಕೈ ಹಾಕುವ ಕೆಲಸದಲ್ಲಿ ಅದು ಖಂಡಿತ ಬೇಡ.

ಒಳಗೆ 5 ವ್ಯಾಟ್ ಮೀರದ ಎಲ್‌ಇಡಿ ಬಲ್ಬು ಹಾಕಿ. ಹಳೆಯ ತಂತಿ ಬಲ್ಬಿನ ಬಿಸಿಗೆ ಕಾಗದ ಕಂದುತ್ತದೆ, ಬೆಂಕಿಯೂ ಹತ್ತಬಹುದು. ನಕ್ಷತ್ರವನ್ನು ಅಂಗಳದ ಮರಕ್ಕೆ ತೂಗುಹಾಕಿದರೆ ಡಿಸೆಂಬರಿನ ಇಬ್ಬನಿಗೆ ಕಾಗದ ನಾಲ್ಕು ದಿನವೂ ನಿಲ್ಲದು. ಸೂರಿನ ಕೆಳಗೆ, ಮಾಡಿನಿಂದ ಒಂದು ಮೊಳ ಒಳಗೆ ತೂಗಿದರೆ ಹೊಸ ವರ್ಷದವರೆಗೂ ಉಳಿಯುತ್ತದೆ. ಮರಕ್ಕೇ ಕಟ್ಟಬೇಕೆಂದಿದ್ದರೆ ಕಾಗದದ ಬದಲು ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ ಬಳಸುವುದೊಂದೇ ಉಪಾಯ.

ಎರಡನೆಯ ವಾರ: ಕೇಕ್

ರಮ್‌ನಲ್ಲಿ ನೆನೆದ ಹಣ್ಣಿನ ಕೇಕ್ ಹಬ್ಬಕ್ಕೆ ಎರಡು ವಾರ ಮೊದಲೇ ಸಿದ್ಧವಾಗಿರಬೇಕು. ಬೆಂದ ದಿನ ಅದರ ಮಸಾಲೆ ಬೇರೆ, ಹಣ್ಣು ಬೇರೆ ಎನಿಸುತ್ತದೆ. ಇಟ್ಟಷ್ಟೂ ಎಲ್ಲವೂ ಕೂಡಿ ಹದಕ್ಕೆ ಬರುತ್ತದೆ. ರಸದ ಕೇಕ್‌ಗೆ ಈ ತಾಳಿಕೆಯಿಲ್ಲ, ಅದನ್ನು ಡಿಸೆಂಬರ್ 21ರ ನಂತರ ಮಾಡಬೇಕು. ಹಾಕುವ ಪ್ರಮಾಣ ಎರಡಕ್ಕೂ ಒಂದೇ: ಮೈದಾ 225 ಗ್ರಾಂ, ಬೆಣ್ಣೆ 200 ಗ್ರಾಂ, ಪುಡಿ ಮಾಡಿದ ಸಕ್ಕರೆ 150 ಗ್ರಾಂ, ಮೊಟ್ಟೆ 4, ನೆನೆದ ಹಣ್ಣು 500 ಗ್ರಾಂ, ಹುರಿದ ಗೋಡಂಬಿ 100 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ. ಮಸಾಲೆಗೆ ದಾಲ್ಚಿನ್ನಿ ಒಂದು ಚಿಕ್ಕ ಚಮಚ, ಒಣಶುಂಠಿ ಅರ್ಧ ಚಮಚ, ಜಾಯಿಕಾಯಿ ಮತ್ತು ಲವಂಗ ಕಾಲು ಕಾಲು ಚಮಚ. ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಬೆಳೆದ ಜಾಯಿಕಾಯಿ ಇಡಿಯಾಗಿ ಸಿಕ್ಕರೆ, ಪುಡಿಯ ಪೊಟ್ಟಣ ಕೊಳ್ಳದೆ ಅದನ್ನೇ ತುರಿದು ಹಾಕಿ, ಪರಿಮಳದಲ್ಲಿ ಅಜಗಜಾಂತರ.

ಕೇಕಿನ ಕಡು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ಇದನ್ನು ಹಿಂದಿನ ದಿನವೇ ಮಾಡಿಡಬಹುದು. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆ, ಎರಡು ಚಮಚ ನೀರು ಹಾಕಿ, ಸೌಟು ಆಡಿಸದೆ ಸಣ್ಣ ಉರಿಯಲ್ಲಿ ಕಾಯಿಸಿ. ಮೊದಲು ಜೇನಿನ ಬಣ್ಣ, ಆಮೇಲೆ ಚಹಾದ ಡಿಕಾಕ್ಷನ್ ಬಣ್ಣ ಬರುತ್ತದೆ. ಅಂಚಿನಲ್ಲಿ ನೊರೆಯೆದ್ದು ಹೊಗೆಯ ಮೊದಲ ಎಳೆ ಕಂಡೊಡನೆ ಇಳಿಸಿ, ಮುಖ ದೂರವಿಟ್ಟುಕೊಂಡು 60 ಮಿಲಿಲೀಟರ್ ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು. ತಣ್ಣೀರು ಸುರಿದರೆ ಸಕ್ಕರೆ ಕಲ್ಲಾಗುತ್ತದೆ, ಸಿಡಿದು ಕೈ ಸುಡುವ ಸಂಭವವೂ ಇದೆ. ಜೇನಿನ ಬಣ್ಣಕ್ಕೇ ಇಳಿಸಿದರೆ ಕೇಕಿಗೆ ಬರೀ ಸಿಹಿ ಬರುತ್ತದೆ, ಆ ಸಣ್ಣ ಕಹಿಯ ಆಳ ಬರುವುದಿಲ್ಲ. ಕಪ್ಪಗಾಗುವವರೆಗೆ ಬಿಟ್ಟರೆ ಕಹಿಯೊಂದೇ ಉಳಿಯುತ್ತದೆ.

ಬೆಣ್ಣೆ ನೊರೆಯಾಗುವಂತೆ ಕಡೆಯುವ ಹಂತದಲ್ಲಿ ಕರಾವಳಿಗೂ ಘಟ್ಟದ ಮೇಲಿಗೂ ವ್ಯತ್ಯಾಸವಿದೆ. ಬೆಣ್ಣೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗ ಗಾಳಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಕಾರವಾರದ ಹಗಲಿನಲ್ಲಿ ಹೊರಗಿಟ್ಟ ಬೆಣ್ಣೆ ಅರ್ಧ ಕರಗಿಯೇ ಹೋಗುವುದರಿಂದ, ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಕಡೆಯಬೇಕು. ಶಿರಸಿಯ ಚಳಿಯ ಬೆಳಗಿನಲ್ಲಿ ಅದೇ ಬೆಣ್ಣೆ ಗಟ್ಟಿಯಾಗಿದ್ದು ಸಕ್ಕರೆಯೊಡನೆ ಕೂಡುವುದೇ ಇಲ್ಲ. ಅಲ್ಲಿ ಪಾತ್ರೆಯ ಕೆಳಗೆ ಉಗುರುಬೆಚ್ಚಗಿನ ನೀರು ಬೇಕು. ಮೊಟ್ಟೆಗಳೂ ಫ್ರಿಜ್‌ನಿಂದ ಹೊರಬಂದು ಒಂದೆರಡು ತಾಸು ಕಳೆದಿರಬೇಕು. ತಣ್ಣನೆಯ ಮೊಟ್ಟೆ ಹಾಕಿದರೆ ಬೆಣ್ಣೆ ಒಡೆದು ಹಿಟ್ಟು ನೀರಾಡುತ್ತದೆ. ಹಾಗಾದಾಗ ಒಂದು ಚಮಚ ಮೈದಾ ಸೇರಿಸಿ ಕಡೆದರೆ ಕೂಡಿಕೊಳ್ಳುತ್ತದೆ.

ಬೆಣ್ಣೆ, ಸಕ್ಕರೆ ಬೆಳ್ಳಗೆ ಹಗುರಾದ ಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ. ತಣಿದ ಸುಟ್ಟ ಸಕ್ಕರೆಯ ಪಾಕ ಬೆರೆಸಿ. ಮೈದಾ, ಬೇಕಿಂಗ್ ಪೌಡರ್, ಮಸಾಲೆ ಮೂರನ್ನೂ ಒಟ್ಟಿಗೆ ಎರಡು ಸಲ ಜರಡಿ ಹಿಡಿದು, ಮೂರು ಕಂತಿನಲ್ಲಿ ಹಗುರವಾಗಿ ಕೂಡಿಸಿ. ನೆನೆದ ಹಣ್ಣನ್ನು ಬಸಿದು, ಒಂದು ಹಿಡಿ ಮೈದಾದಲ್ಲಿ ಹೊರಳಿಸಿ ಹಾಕಿದರೆ ತಳ ಸೇರುವುದಿಲ್ಲ. ಇಲ್ಲಿಯ ತೇವದಲ್ಲಿ ಬೇಕಿಂಗ್ ಪೌಡರ್ ಡಬ್ಬಿಯಲ್ಲಿದ್ದೇ ಸತ್ವ ಕಳೆದುಕೊಳ್ಳುವುದು ಸಾಮಾನ್ಯ. ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿದಾಗ ಬುಸ್ಸೆಂದು ನೊರೆಯೇಳದಿದ್ದರೆ ಹೊಸದು ತರಿಸಿ.

20 ಸೆಂಟಿಮೀಟರ್ ವ್ಯಾಸದ ಪಾತ್ರೆಯ ತಳಕ್ಕೂ ಸುತ್ತಲೂ ಬೆಣ್ಣೆ ಕಾಗದ ಎರಡು ಪದರ ಹಾಕಿ, 150 ಡಿಗ್ರಿಯಲ್ಲಿ ಸುಮಾರು ಒಂದೂವರೆ ತಾಸು ಬೇಯಿಸಬೇಕು. ಒಂದೂಕಾಲು ತಾಸಿನ ಬಳಿಕ ನಡುವೆ ಕಡ್ಡಿ ಚುಚ್ಚಿ ನೋಡಿ, ಹಿಟ್ಟು ಅಂಟದೆ ಬಂದರೆ ಆಯಿತು. ಮೇಲ್ಭಾಗ ಬೇಗ ಕೆಂಪಾದರೆ ಕಾಗದ ಮುಚ್ಚಿ. ಓವನ್ ಇಲ್ಲದವರು ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎರಡು ಬೆರಳು ದಪ್ಪ ಹರಳುಪ್ಪು ಹರಡಿ, ಅದರ ಮೇಲೆ ಮಣೆಯಿಟ್ಟು, ಹತ್ತು ನಿಮಿಷ ಕಾಯಿಸಿ, ಕೇಕಿನ ಪಾತ್ರೆಯಿಟ್ಟು, ಭಾರವಾದ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಕುಕ್ಕರ್ ಬಳಸಿದರೆ ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದಿರಲೇಬೇಕು. ಹಿಂದಿನವರು ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ ಹರಡುತ್ತಿದ್ದರು. ಸೌದೆ ಒಲೆ ಇನ್ನೂ ಇರುವ ಮನೆಗಳಲ್ಲಿ ಈ ಕ್ರಮವನ್ನು ಬಿಡಬೇಡಿ, ಮೇಲಿನ ಕೆಂಡವಿಲ್ಲದೆ ಕೇಕಿನ ತಲೆ ಬಿಳಿಚಿಕೊಂಡೇ ಉಳಿಯುತ್ತದೆ.

ಪೂರ್ತಿ ತಣಿದ ಮೇಲೆ ರಮ್ ಕೇಕನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಡಬ್ಬಿಯಲ್ಲಿಟ್ಟು, ವಾರಕ್ಕೊಮ್ಮೆ ಕಡ್ಡಿಯಿಂದ ಚುಚ್ಚಿ ಒಂದು ಚಮಚ ರಮ್ ಉಣಿಸಬೇಕು. ಬಿಸಿಯಿರುವಾಗ ಸುತ್ತಿದರೆ ಒಳಗೆ ಬೆವರು ಕೂಡಿ ಬೂಷ್ಟಿಗೆ ದಾರಿಯಾಗುತ್ತದೆ.

ಮೊಟ್ಟೆಯಿಲ್ಲದ ಕೇಕ್ ಒಂದನ್ನು ಬೇರೆಯಾಗಿ ಮಾಡುವುದು ನಮ್ಮ ಜಿಲ್ಲೆಯಲ್ಲಿ ತೀರಾ ಅಗತ್ಯ, ಏಕೆಂದರೆ ಹಬ್ಬದ ತಟ್ಟೆ ಹೋಗುವ ನೆರೆಮನೆಗಳಲ್ಲಿ ಮೊಟ್ಟೆ ಮುಟ್ಟದವರು ಬಹಳ ಜನರಿದ್ದಾರೆ. ಇದಕ್ಕೆ ಜೋನಿ ಬೆಲ್ಲದಷ್ಟು (ಗಟ್ಟಿಯಾಗದ, ದ್ರವರೂಪದ ಬೆಲ್ಲ) ಒಪ್ಪುವ ವಸ್ತು ಇನ್ನೊಂದಿಲ್ಲ. ಜೋನಿ ಬೆಲ್ಲ 200 ಗ್ರಾಂ, ಗಟ್ಟಿ ಮೊಸರು 200 ಗ್ರಾಂ, ಕರಗಿಸಿದ ತುಪ್ಪ ಅಥವಾ ಎಣ್ಣೆ 100 ಮಿಲಿಲೀಟರ್ ಕೂಡಿಸಿ, ಅದಕ್ಕೆ 225 ಗ್ರಾಂ ಮೈದಾ, ಮುಕ್ಕಾಲು ಚಮಚ ಅಡುಗೆ ಸೋಡಾ, ಅರ್ಧ ಚಮಚ ಬೇಕಿಂಗ್ ಪೌಡರ್, ಮೇಲೆ ಹೇಳಿದ ಮಸಾಲೆ ಸೇರಿಸಿ, ನೂರೈವತ್ತು ಗ್ರಾಂ ಹಣ್ಣು ಹಾಕಿ. ಮೊಸರಿನ ಹುಳಿಗೂ ಸೋಡಾಕ್ಕೂ ಕೂಡಿಕೆಯಾಗಿ ಹಿಟ್ಟು ತಕ್ಷಣವೇ ಉಬ್ಬತೊಡಗುವುದರಿಂದ, ಕಲಸಿದ ಹಿಟ್ಟನ್ನು ತಡಮಾಡದೆ ಒಡನೆ 170 ಡಿಗ್ರಿಯ ಓವನ್‌ಗೆ ಇಡಬೇಕು. ಸುಮಾರು 45 ನಿಮಿಷ ಸಾಕು. ಇದು ಹೆಚ್ಚು ದಿನ ಇರುವ ಕೇಕ್ ಅಲ್ಲ, 23ರಂದು ಮಾಡಿ. ಪಾತ್ರೆ, ಚಮಚಗಳನ್ನು ಚೆನ್ನಾಗಿ ತೊಳೆದು, ಮೊಟ್ಟೆಯ ಕೆಲಸ ಶುರುವಾಗುವ ಮೊದಲೇ ಇದನ್ನು ಮಾಡಿ ಬೇರೆಯಿಟ್ಟರೆ, ಕೊಡುವವರಿಗೂ ತಿನ್ನುವವರಿಗೂ ಸಮಾಧಾನ.

ಮೂರನೆಯ ವಾರ: ಗೋದಲಿ

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಕ್ರಿಸ್ತಜನನದ ದೃಶ್ಯವನ್ನು ಗೋದಲಿ, ಹುಲ್ಲು, ಎತ್ತು, ಕತ್ತೆಗಳೊಡನೆ ನಿಲ್ಲಿಸಿದ. ನಮ್ಮ ಮನೆಗಳ ಗೋದಲಿ ಆ ಸರಳತೆಯನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ, ಏಕೆಂದರೆ ಕೊಟ್ಟಿಗೆ ಕಟ್ಟುವುದಕ್ಕೆ ಬೇಕಾದುದೆಲ್ಲ ತೋಟದಲ್ಲಿಯೇ ಬಿದ್ದಿರುತ್ತದೆ. ಅಡಿಕೆ ಹಾಳೆಯನ್ನು ಅರ್ಧ ತಾಸು ನೀರಿನಲ್ಲಿ ನೆನೆಸಿದರೆ ಬೇಕಾದಂತೆ ಬಾಗುತ್ತದೆ. ಮಾಡಿನ ಆಕಾರಕ್ಕೆ ಬಗ್ಗಿಸಿ ಭಾರವಿಟ್ಟು ಒಣಗಿಸಿದರೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಗೋಡೆಗೆ ಅಡಿಕೆ ದಬ್ಬೆ, ಹೊದಿಕೆಗೆ ಭತ್ತದ ಹುಲ್ಲು ಸಾಕು.

ಹಸಿರಿಗಾಗಿ ಕಾಡಿನ ಬಂಡೆಗಳಿಂದ ಪಾಚಿ ಎಬ್ಬಿಸಿ ತರುವುದು ಬೇಡ. ಅದು ಬೆಳೆಯುವುದಕ್ಕೆ ವರ್ಷಗಳು ಹಿಡಿಯುತ್ತವೆ, ನಾವು ಬಳಸುವುದು ಹತ್ತು ದಿನ. ಅದರ ಬದಲು ರಾಗಿ ಅಥವಾ ಭತ್ತ ಬಿತ್ತಿ. ಡಿಸೆಂಬರ್ 12ರ ಸುಮಾರಿಗೆ ಭತ್ತವನ್ನು ಒಂದು ದಿನ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ತೆಂಗಿನ ಚಿಪ್ಪು ಅಥವಾ ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ ಒತ್ತಾಗಿ ಚೆಲ್ಲಿದರೆ, ಹಬ್ಬದ ಹೊತ್ತಿಗೆ ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಎತ್ತರದ ಗದ್ದೆ ಎದ್ದಿರುತ್ತದೆ. ಶಿರಸಿಯ ಚಳಿಗೆ ಎರಡು ಮೂರು ದಿನ ಮೊದಲೇ ಬಿತ್ತಬೇಕು. ಸಮುದ್ರದ ಮರಳು ಬಳಸುವವರು ಅದನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಒಣಗಿಸಬೇಕು. ಉಪ್ಪುಳಿದ ಮರಳು ಗಾಳಿಯ ತೇವ ಎಳೆದುಕೊಂಡು ಸದಾ ಒದ್ದೆಯಾಗಿದ್ದು, ಮೊಳಕೆಯನ್ನೂ ಮಣ್ಣಿನ ಗೊಂಬೆಗಳ ಬಣ್ಣವನ್ನೂ ಕೆಡಿಸುತ್ತದೆ.

ಬೆಂಡಿನ ತುಂಡು ಸಿಕ್ಕರೆ ಚಿಕ್ಕ ದೇವದೂತರನ್ನೂ ಹೂಗಳನ್ನೂ ಕತ್ತರಿಸಬಹುದು. ಬಾಸಿಂಗ ಮಾಡುವ ಗುಡಿಗಾರರು ಬಳಸುವ ಈ ಬೆಳ್ಳನೆಯ ತಿರುಳು ಎಷ್ಟು ಮೃದುವೆಂದರೆ ಮೊಂಡು ಕತ್ತಿಗೆ ಪುಡಿಯಾಗುತ್ತದೆ. ಹೊಸ ಬ್ಲೇಡು ಬೇಕು, ದೊಡ್ಡವರ ಕೈ ಬೇಕು. ಮಕ್ಕಳಿಗೆ ಗಾಳಿಮರದ ಪುಟ್ಟ ಕಾಯಿಗಳನ್ನು ಆರಿಸಿ ಬಣ್ಣ ಹಚ್ಚುವ ಕೆಲಸ ಕೊಡಿ. ಕಡಲ ದಂಡೆಯ ಗಾಳಿಮರಗಳು ಮರಳನ್ನೂ ಗಾಳಿಯನ್ನೂ ತಡೆಯಲೆಂದು ಬೆಳೆಸಿದವು, ಆದ್ದರಿಂದ ಬಿದ್ದ ಕಾಯಿ, ಬಿದ್ದ ಕೊಂಬೆ ಮಾತ್ರ ತರಬೇಕು.

ಕೊನೆಯ ವಾರ: ಕುಸ್ವಾರ್

ಹಬ್ಬಕ್ಕೆ ಮಾಡಿ ಹಂಚುವ ತಿಂಡಿಗಳೆಲ್ಲ ಸೇರಿದ್ದೇ ಕುಸ್ವಾರ್. ಅದರಲ್ಲಿ ಕರಿದ ತಿಂಡಿಗಳನ್ನು ಹಬ್ಬಕ್ಕೆ ಒಂದು ವಾರ ಇರುವಾಗ ಮಾಡತೊಡಗಬೇಕು, ಅದಕ್ಕಿಂತ ಮೊದಲು ಬೇಡ. ಕರಿಯುವ ವೇಳೆಯನ್ನೂ ಆರಿಸಿಕೊಳ್ಳಬೇಕು. ಡಿಸೆಂಬರಿನಲ್ಲಿ ನಸುಕಿನ ಇಬ್ಬನಿ ಆರಿದ ಮೇಲೆ, ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ತಿರುಗುವ ಮೊದಲು, ಅಂದರೆ ಬೆಳಿಗ್ಗೆ 9ರಿಂದ 12ರ ನಡುವೆ ಗಾಳಿ ತಕ್ಕಮಟ್ಟಿಗೆ ಒಣಗಿರುತ್ತದೆ. ಕರಿದು, ತಣಿಸಿ, ಡಬ್ಬಿಗೆ ತುಂಬುವ ಕೆಲಸ ಆ ಹೊತ್ತಿನಲ್ಲಿಯೇ ಮುಗಿದರೆ ತಿಂಡಿ ಗರಿಗರಿಯಾಗಿ ಉಳಿಯುತ್ತದೆ. ಸಂಜೆ ಕರಿದು ರಾತ್ರಿಯಿಡೀ ತಟ್ಟೆಯಲ್ಲಿ ತಣಿಯಲು ಬಿಟ್ಟದ್ದು ಬೆಳಗಾಗುವುದರೊಳಗೆ ಮೆತ್ತಗಾಗಿರುತ್ತದೆ.

ಕಿಡಿಯೊಗೆ ಮೈದಾ 500 ಗ್ರಾಂ, ಚಿರೋಟಿ ರವೆ 100 ಗ್ರಾಂ, ಸಕ್ಕರೆ ಎರಡು ದೊಡ್ಡ ಚಮಚ, ಚಿಟಿಕೆ ಉಪ್ಪು, ಎರಡು ದೊಡ್ಡ ಚಮಚ ಕಾಯಿಸಿದ ತುಪ್ಪ ಹಾಕಿ ತಿಕ್ಕಿ, ಒಂದು ತೆಂಗಿನಕಾಯಿಯ ಗಟ್ಟಿ ಹಾಲಿನಲ್ಲಿ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ. ಹಾಲನ್ನು ಒಮ್ಮೆಗೇ ಸುರಿಯಬೇಡಿ. ಒದ್ದೆ ಬಟ್ಟೆ ಮುಚ್ಚಿ ಒಂದು ತಾಸು ಬಿಟ್ಟು, ಗೋಲಿ ಗಾತ್ರದ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ತೆಳುವಾದ ಹಾಳೆಯಾದಾಗ ತುದಿಯಿಂದ ಸುರುಳಿ ಸುತ್ತಿ, ಕೊನೆಯನ್ನು ಒತ್ತಿ ಮುಚ್ಚಬೇಕು. ಕೊನೆ ತೆರೆದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಇದು ಮನೆಯವರೆಲ್ಲ ಒಟ್ಟಿಗೆ ಕೂತು ಮಾಡಬೇಕಾದ ಕೆಲಸ. ಒಬ್ಬರೇ ಕೂತರೆ ಹಿಟ್ಟು ಒಣಗಿ ಬಿರುಕು ಬಿಡುತ್ತದೆ.

ತೆಂಗಿನೆಣ್ಣೆಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಒಂದು ಸಲಕ್ಕೆ ಒಂದು ಹಿಡಿಯಷ್ಟೇ ಹಾಕಿ ಕೈಯಾಡಿಸುತ್ತ ಹೊಂಬಣ್ಣ ಬರುವವರೆಗೆ ಕರಿಯಿರಿ. ಉರಿ ಹೆಚ್ಚಾದರೆ ಹೊರಗೆ ಕೆಂಪಾಗಿ ಒಳಗಿನ ಸುರುಳಿ ಹಸಿಯಾಗಿ ಉಳಿಯುತ್ತದೆ, ಮರುದಿನ ಮೊದಲು ಮೆತ್ತಗಾಗುವುದು ಅಂಥದೇ. ಸಕ್ಕರೆ ಹೊದಿಸಲು 250 ಗ್ರಾಂ ಸಕ್ಕರೆಗೆ 100 ಮಿಲಿಲೀಟರ್ ನೀರು ಹಾಕಿ ಎರಡೆಳೆ ಪಾಕ ಬರಿಸಿ, ಇಳಿಸಿ, ಪೂರ್ತಿ ತಣಿದ ಕಿಡಿಯೊ ಸುರಿದು ಪಾಕ ಬೆಳ್ಳಗೆ ಅಂಟುವವರೆಗೆ ತಿರುವುತ್ತಿರಿ. ಒಂದೆಳೆಗೇ ಇಳಿಸಿದ ಪಾಕ ಇಲ್ಲಿಯ ಗಾಳಿಯಲ್ಲಿ ಮತ್ತೆ ಬೆವರುತ್ತದೆ.

ನೆವ್ರಿಗೆ ಚೌತಿಯಲ್ಲಿ ಬಳಸುವ ಅಚ್ಚೇ ಆಗುತ್ತದೆ, ಹೂರಣ ಮಾತ್ರ ಬದಲಾಗಬೇಕು. ಹಸಿ ಕಾಯಿ, ಬೆಲ್ಲದ ಹೂರಣ ಮೂರು ದಿನಕ್ಕಿಂತ ಹೆಚ್ಚು ತಾಳದು. ಒಣಕೊಬ್ಬರಿ ತುರಿ, ಹುರಿದ ಎಳ್ಳು, ಪುಟಾಣಿ ಹಿಟ್ಟು, ಸಕ್ಕರೆ ಪುಡಿ, ಏಲಕ್ಕಿ ಸೇರಿಸಿದ ಒಣ ಹೂರಣವಾದರೆ ಎರಡು ವಾರ ಚೆನ್ನಾಗಿರುತ್ತದೆ. ದೊದೊಲ್ (ಬೆಲ್ಲ, ಕಾಯಿಹಾಲಿನ ಹಲ್ವ) ಮಾಡುವವರು ಒಂದು ಇಡೀ ಬೆಳಗನ್ನು ಅದಕ್ಕೇ ಮೀಸಲಿಡಬೇಕು. 250 ಗ್ರಾಂ ಅಕ್ಕಿ ಹಿಟ್ಟು, ಮೂರು ಕಾಯಿಯ ಹಾಲು, 500 ಗ್ರಾಂ ಕಪ್ಪು ಬೆಲ್ಲವನ್ನು ಎಣ್ಣೆ ಬಿಟ್ಟುಕೊಂಡು ಬಾಣಲೆಯ ಬದಿ ಬಿಡುವ ತನಕ ಒಂದೂವರೆ ತಾಸಿನಷ್ಟು ಕೈಬಿಡದೆ ಮಗುಚಬೇಕಾಗುತ್ತದೆ.

ಬಾತ್ ಎಂಬ ರವೆ, ಕಾಯಿಯ ಕೇಕ್ ಎಲ್ಲಕ್ಕಿಂತ ಕೊನೆಯದು. 250 ಗ್ರಾಂ ರವೆ, ಒಂದು ಕಾಯಿಯ ನುಣ್ಣಗೆ ರುಬ್ಬಿದ ತುರಿ, 250 ಗ್ರಾಂ ಸಕ್ಕರೆ, 4 ಮೊಟ್ಟೆ, 100 ಗ್ರಾಂ ಬೆಣ್ಣೆ, ಏಲಕ್ಕಿ ಕೂಡಿಸಿ, ರವೆ ತೇವವನ್ನು ಪೂರ್ತಿ ಹೀರಿಕೊಳ್ಳಲೆಂದು 23ರ ರಾತ್ರಿ ಫ್ರಿಜ್‌ನಲ್ಲಿಟ್ಟು, 24ರ ಬೆಳಿಗ್ಗೆ ಅರ್ಧ ಚಮಚ ಬೇಕಿಂಗ್ ಪೌಡರ್ ಬೆರೆಸಿ 180 ಡಿಗ್ರಿಯಲ್ಲಿ 40ರಿಂದ 45 ನಿಮಿಷ ಬೇಯಿಸಿ. ಹಸಿ ಕಾಯಿಯಿರುವುದರಿಂದ ಎರಡು ಮೂರು ದಿನದೊಳಗೆ ಮುಗಿಸಬೇಕು.

ಡಬ್ಬಿ ತುಂಬುವಾಗ ಸ್ಟೀಲ್ ಡಬ್ಬಿಯನ್ನು ಬಿಸಿಲಿಗಿಟ್ಟು ಒಣಗಿಸಿ, ತಳದಲ್ಲಿ ಹುರಿದು ತಣಿಸಿದ ಒಂದು ಹಿಡಿ ಅಕ್ಕಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ. ಅದು ಒಳಗಿನ ತೇವವನ್ನು ಸ್ವಲ್ಪಮಟ್ಟಿಗೆ ಎಳೆದುಕೊಳ್ಳುತ್ತದೆ. ದಿನವೂ ತಿನ್ನಲು ತೆಗೆಯುವ ಡಬ್ಬಿ ಬೇರೆ, ಹಂಚಲು ಇಡುವ ಡಬ್ಬಿ ಬೇರೆ ಇರಲಿ. ಸಕ್ಕರೆ ಹೊದಿಸದ ಕಿಡಿಯೊ, ಚಕ್ಲಿ ಮೆತ್ತಗಾದರೆ 120 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಬಿಸಿ ಮಾಡಿ ತಣಿಸಿದರೆ ಮತ್ತೆ ಹದಕ್ಕೆ ಬರುತ್ತವೆ.

ತಟ್ಟೆಗಳನ್ನು 25ರ ಬೆಳಿಗ್ಗೆ ಪೂಜೆಯಿಂದ ಬಂದ ಮೇಲೆ ಜೋಡಿಸಬೇಕು, ಹಿಂದಿನ ರಾತ್ರಿ ಬೇಡ. ಕೇಕ್, ದೊದೊಲ್, ಬಾತ್ ಮೂರರಲ್ಲಿಯೂ ಪಸೆಯಿರುವುದರಿಂದ ಅವನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿ ತಟ್ಟೆಯ ಒಂದು ಬದಿಗಿಟ್ಟು, ಕಿಡಿಯೊ, ನೆವ್ರಿ, ಚಕ್ಲಿಗಳನ್ನು ಒಣ ಕಾಗದದ ಮೇಲೆ ಇನ್ನೊಂದು ಬದಿಗೆ ಇಡಿ. ಮೊಟ್ಟೆ ಹಾಕದ ತಿಂಡಿಗಳ ತಟ್ಟೆಗಳನ್ನು ಮೊದಲೇ ಬೇರೆ ಜೋಡಿಸಿ, ಅವುಗಳ ಮೇಲೆ ಒಂದು ಚೀಟಿ ಅಂಟಿಸಿ ಕಳುಹಿಸಿ.